ಎಡ ಐದು, ಬಲ ಆರು

ಮಾರ್ಚ್ 3, ಸೋಮವಾರ

ಮೇಡಂ ಹೇಳಿದರೆಂದು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ದಿನಚರಿ ಬರೆಯುವಂಥ ಆಸಾಮಿ ನಾನಲ್ಲ. "ಮನೆಮನೆಗೆ ಹೋಗಿ ಜನರ ಕಷ್ಟ ಕೇಳ್ತೀರಿ. ಅದನ್ನೆಲ್ಲ ತಲೇಲಿ ಹೊತ್ಕೊಂಡು ಮಲಗಬೇಡಿ. ಸಂಜೆ ಕೂತು ನಾಲ್ಕು ಸಾಲು ಗೀಚಿ, ಯಾರಿಗೂ ತೋರಿಸ್ಬೇಕಾಗಿಲ್ಲ" ಅಂದರು. ಮೇಡಂ ಅಂದರೆ ಈ ಆರೋಗ್ಯ ಸರ್ವೆಯ ಮೇಲ್ವಿಚಾರಕಿ. ವಯಸ್ಸು ನನ್ನ ಅರ್ಧ, ಓದು ನನ್ನ ಎರಡರಷ್ಟು.

ತರಬೇತಿ ಇವತ್ತಿಗೆ ಮುಗಿಯಿತು. ದೊಡ್ಡವರ ನಿದ್ದೆ, ಊಟ, ಕುಡಿತ, ಮೈಕೈ ನೋವು ಎಲ್ಲ ಕೇಳಿ ಕೊನೆಗೆ ಹದಿನೇಳನೇ ಪ್ರಶ್ನೆಗೆ ಬರಬೇಕು. "ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ಜೀವವನ್ನು ಕೊನೆಗೊಳಿಸಿಕೊಳ್ಳಬೇಕೆಂದು ನೀವು ಗಂಭೀರವಾಗಿ ಯೋಚಿಸಿದ್ದೀರಾ?" ಮೇಡಂ ಇದನ್ನು ಓದಿದಾಗ ನಾವೆಲ್ಲ ಕುರ್ಚಿಯಲ್ಲಿ ಒಂದು ಸಲ ಮಿಸುಕಾಡಿದೆವು. ಹೀಗೆ ಕೇಳಿದರೆ ಇಲ್ಲದವರ ತಲೆಗೂ ಹುಳ ಬಿಟ್ಟಂತಾಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಇಲ್ಲವಂತೆ. ಕೇಳಿದ್ದರಿಂದ ಯಾರಿಗೂ ಹೊಸದಾಗಿ ಆ ಯೋಚನೆ ಹುಟ್ಟುವುದಿಲ್ಲ, ಇದ್ದವರಿಗೆ ಹೇಳಿಕೊಳ್ಳಲು ಒಂದು ಬಾಗಿಲು ಸಿಗುತ್ತದೆ ಅಂದರು. ಹತ್ತು ಹನ್ನೆರಡು ಜನರಲ್ಲಿ ಒಬ್ಬರಿಗಾದರೂ ಜೀವನದಲ್ಲಿ ಯಾವತ್ತೋ ಒಂದು ದಿನ ಆ ಯೋಚನೆ ಬಂದಿರುತ್ತದಂತೆ. ಹೆಚ್ಚಿನವರು ದಾಟಿಕೊಂಡು ಬರುತ್ತಾರಂತೆ.

ಯಾರಿಗೆ ಅಪಾಯ ಹೆಚ್ಚು ಅಂತಲೂ ಹೇಳಿದರು. ಹಿಂದೊಮ್ಮೆ ಪ್ರಯತ್ನಿಸಿದವರು, ವಿಪರೀತ ಕುಡಿಯುವವರು, ಮನಸ್ಸು ಕುಗ್ಗಿದವರು, ವಾಸಿಯಾಗದ ನೋವಿರುವವರು, ಕೆಲಸ ಹೋದವರು, ಹತ್ತಿರದವರನ್ನು ಕಳೆದುಕೊಂಡವರು, ಒಂಟಿಯಾಗಿರುವವರು, ನಿದ್ದೆ ಬಾರದವರು. ಹಾಗೆ ನೋಡಿದರೆ ನಮ್ಮ ಬೀದಿಯ ಅರ್ಧ ಜನ ಬಂದುಬಿಟ್ಟರು ಎಂದು ಪಕ್ಕದವರಿಗೆ ಹೇಳಿದೆ, ನಕ್ಕರು.

ಇಬ್ಬಿಬ್ಬರ ಜೋಡಿ. ಒಬ್ಬರು ಒಳಗೆ ಕೂತು ಪ್ರಶ್ನೆ ಕೇಳಬೇಕು, ಇನ್ನೊಬ್ಬರು ಮನೆಯ ಉಳಿದವರನ್ನು ಹೊರಗೆ ಮಾತಿಗೆ ಕೂರಿಸಿಕೊಳ್ಳಬೇಕು. ಅತ್ತೆ, ಗಂಡ, ನೆರೆಯವರು ಕಿವಿಗೊಟ್ಟು ನಿಂತರೆ ಯಾರೂ ನಿಜ ಹೇಳುವುದಿಲ್ಲ. ಹೊರಗಿನ ಮಾತಿನ ಕೆಲಸ ನನಗೆ ಕೊಟ್ಟರು. ಮೂವತ್ತು ವರ್ಷಕ್ಕೂ ಮೇಲೆ ಶೂ ಅಂಗಡಿಯಲ್ಲಿ ಗಿರಾಕಿಗಳ ಕಾಲು ಹಿಡಿದವನು ನಾನು, ಅಕ್ಷರಶಃ. ಮಾತಿಗೇನು ಬರವೇ?

ಮಾರ್ಚ್ 6, ಗುರುವಾರ

ನನ್ನ ಜೋಡಿ ನಿವೃತ್ತ ನರ್ಸ್. ಎಲ್ಲರಂತೆ ನಾನೂ ಅವರನ್ನು ಸಿಸ್ಟರ್ ಅನ್ನುತ್ತೇನೆ, ಅವರು ನನ್ನನ್ನು ಅಣ್ಣ ಅನ್ನುತ್ತಾರೆ. ಲೆಕ್ಕ ಸರಿಹೋಯಿತು. ಮಾತು ಕಡಿಮೆ, ಅವರು ಸುಮ್ಮನಿದ್ದರೆ ಎದುರಿನವರಿಗೇ ತಡೆಯಲಾಗದೆ ಬಾಯಿ ಬಿಡಬೇಕೆನ್ನಿಸುತ್ತದೆ.

ನನ್ನ ಕೆಲಸ ಬಾಗಿಲಲ್ಲೇ ಶುರು. ಹೊರಗೆ ಬಿಟ್ಟ ಚಪ್ಪಲಿ, ಶೂ ನೋಡಿದರೆ ಸಾಕು, ಒಳಗೆ ಎಷ್ಟು ಜನ, ಯಾರು ನಿಂತು ಕೆಲಸ ಮಾಡುತ್ತಾರೆ, ಯಾರ ಮಂಡಿ ಸವೆದಿದೆ ಗೊತ್ತಾಗುತ್ತದೆ. ಇವತ್ತು ಒಬ್ಬ ಅತ್ತೆ ಒಳಕೋಣೆಯ ಬಾಗಿಲು ಬಿಟ್ಟು ಅಲುಗಲೇ ಒಲ್ಲರು. "ನಿಮ್ಮ ಚಪ್ಪಲಿ ಹಿಮ್ಮಡಿ ಹೊರಗಡೆಗೆ ಸವೀತಾ ಇದೆಯಲ್ಲಮ್ಮ, ಸೊಂಟ ನೋವಿದೆಯಾ?" ಅಂದೆ. ಅಷ್ಟೇ. ಮೆಟ್ಟಿಲ ಮೇಲೆ ಕೂತು ಸೊಂಟದ ಪುರಾಣ ಪೂರ್ತಿ ಬಿಚ್ಚಿದರು. ಒಳಗೆ ಸೊಸೆ ಸಿಸ್ಟರ್ ಹತ್ತಿರ ಏನು ಹೇಳಿದಳೋ ನನಗೆ ತಿಳಿಯದು, ತಿಳಿಯಲೂ ಬಾರದು. ಬರುವಾಗ ಅವಳ ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಹಗುರವಾಗಿತ್ತು.

ವಾಪಸ್ ಬರುವಾಗ ಸಿಸ್ಟರ್ ನನ್ನ ಕಾಲು ನೋಡಿ, "ಅಣ್ಣಾ, ನಿಮ್ಮ ಶೂ ಸೋಲ್ ಪಟಪಟ ಅಂತಿದೆ. ಶೂ ಅಂಗಡಿಯವರ ಶೂನೇ ಹೀಗಾದ್ರೆ?" ಅಂದರು.

"ಇಷ್ಟಕ್ಕೆ ಸಾಕು ಬಿಡಿ ಸಿಸ್ಟರ್."

"ಎಷ್ಟಕ್ಕೆ?"

ಒಳ್ಳೆ ಕಥೆಯಾಯಿತು. ಮಾತಿಗೆ ಅಂದದ್ದನ್ನೂ ಬಿಡುವುದಿಲ್ಲ ಈಯಮ್ಮ.

ಮಾರ್ಚ್ 9, ಭಾನುವಾರ

ಅಕ್ಕನ ಮಗ ಬಂದಿದ್ದ. ಕಂದು ಬಣ್ಣದ ಲೆದರ್ ಶೂ ಜೋಡಿಯನ್ನು ಅವನಿಗೆ ಕೊಟ್ಟೆ. ಅಂಗಡಿ ಮುಚ್ಚಿದ ದಿನ ಮಾಲೀಕರು ನನ್ನ ಕೈಗಿಟ್ಟದ್ದು, ಒಂದು ದಿನವೂ ಹಾಕಿರಲಿಲ್ಲ. "ಮಾಮಾ, ನೀವೇ ಹಾಕ್ಕೊಳ್ಳಿ, ಇಷ್ಟು ಚೆನ್ನಾಗಿದೆ" ಅಂದ. ನನಗಿನ್ನು ಎಲ್ಲಿಗೆ ಹೋಗುವುದಿದೆ ಎಂದೆ. ಅವನ ಕಾಲಿಗೆ ಒಂದು ನಂಬರ್ ದೊಡ್ಡದು. ಗೊತ್ತಿತ್ತು. ಹೇಳಲಿಲ್ಲ.

ಕಪಾಟು ಖಾಲಿ ಮಾಡುತ್ತಿದ್ದೇನೆ. ಮನೆಯ ಪತ್ರಗಳನ್ನು ಒಂದು ಕವರಿಗೆ ಹಾಕಿ ಮೇಲೆ ಅಕ್ಕನ ಹೆಸರು ಬರೆದೆ. ಸಾಮಾನು ಕಡಿಮೆಯಾದಷ್ಟೂ ಮನೆ ಉಸಿರಾಡಿದಂತಾಗುತ್ತದೆ. ಉಳಿದದ್ದು ಬೆಸ ಜೋಡಿಗಳ ಡಬ್ಬಗಳು ಮಾತ್ರ. ನನ್ನ ಹೆಂಡತಿಯ ಎಡಗಾಲಿನ ನಂಬರ್ ಆರು, ಬಲಗಾಲಿನದು ಐದು. ಮದುವೆಯಾದ ಹೊಸತರಲ್ಲಿ ಅದನ್ನು ಹೇಳಲು ನಾಚಿ ಎರಡು ವರ್ಷ ಬಲಗಾಲಿಗೆ ಹತ್ತಿ ತುರುಕಿಕೊಂಡು ಓಡಾಡಿದ್ದಳು. ಕಾಲಿನ ಕಸುಬಿನವನಿಗೇ ಗೊತ್ತಾಗಲಿಲ್ಲ ನೋಡಿ. ಗೊತ್ತಾದ ಮೇಲೆ ಮಾಲೀಕರ ಕೈಕಾಲು ಹಿಡಿದು ಎರಡು ಜೋಡಿಗಳನ್ನು ಒಡೆದು ಒಂದು ಜೋಡಿ ಮಾಡಿಸಿದೆ. ಆಮೇಲೆ ಪ್ರತಿ ಸಲವೂ ಹಾಗೇ. ಉಳಿದ ಎಡ ಐದು, ಬಲ ಆರು ಎಲ್ಲ ನನ್ನ ಪಾಲಿಗೆ. ಅವಳು ಹೋಗಿ ವರ್ಷದ ಮೇಲಾಯಿತು. ಅವಳ ಚಪ್ಪಲಿಗಳನ್ನು ಕೊಟ್ಟಾಯಿತು. ಇವನ್ನು ಯಾರಿಗೆ ಕೊಡುವುದು? ಇಂಥ ಕಾಲಿನವರು ಯಾರಿದ್ದಾರೆ?

ಮಾರ್ಚ್ 13, ಗುರುವಾರ

ಸಿಸ್ಟರ್ ಮೆಟ್ಟಿಲಿಳಿಯುವಾಗ ಬಲಗಾಲು ಉಳುಕಿಸಿಕೊಂಡರು. ಸಂಜೆ ಹೊತ್ತಿಗೆ ಪಾದ ಬನ್ನಿನಂತೆ ಊದಿಕೊಂಡಿತು. ಚಪ್ಪಲಿಯೊಳಗೆ ಹೋಗುತ್ತಿಲ್ಲ. ನಾಳೆಯಿಂದ ರಜೆ ಹಾಕಿ ಎಂದೆ. "ಕಾಲು ಉಳುಕಿದ್ದು, ಬಾಯಲ್ಲ" ಅಂದರು.

ಮಾರ್ಚ್ 14, ಶುಕ್ರವಾರ

ಇವತ್ತು ಬಹಳ ದಿನದ ಮೇಲೆ ನಗು ಬಂತು. ಬೆಳಿಗ್ಗೆ ಹೊರಡುವಾಗ ಥಟ್ಟನೆ ಹೊಳೆಯಿತು: ಸಿಸ್ಟರ್ ಕಾಲು ಐದು. ಬಲಗಾಲು ಊದಿ ಈಗ ಆರು. ಬೆಸ ಡಬ್ಬ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ರಸ್ತೆ ಬದಿಯ ಕಟ್ಟೆಯ ಮೇಲೆ ಅವರನ್ನು ಕೂರಿಸಿ, ಹಳೆಯ ಅಭ್ಯಾಸದಂತೆ ಒಂದು ಮಂಡಿಯೂರಿ ತೊಡಿಸಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಅಲ್ಲಾ ಅಣ್ಣ, ಇಂಥದ್ದನ್ನ ಯಾವ ಅಂಗಡಿಯಲ್ಲಿ ಮಾರ್ತಾರೆ?"

ಹೆಂಡತಿಯ ಕಥೆ ಹೇಳಿದೆ. ವಾಪಸ್ ಕೊಡುವುದು ಬೇಡ, ಇಟ್ಟುಕೊಳ್ಳಿ, ನನಗೆ ಮನೆ ಖಾಲಿಯಾಗಬೇಕು ಎಂದೆ.

ಮಹಡಿ ಹತ್ತಲು ಆಗದ್ದರಿಂದ ಕೆಲಸ ಅದಲುಬದಲಾಯಿತು. ಅವರು ಕೆಳಗೆ ಕುರ್ಚಿ ಹಾಕಿಕೊಂಡು ಮನೆಯವರನ್ನು ಹಿಡಿದಿಡುತ್ತಾರೆ, ನಾನು ಒಳಗೆ ಹೋಗಿ ಕೇಳಬೇಕು.

ಮಾರ್ಚ್ 18, ಮಂಗಳವಾರ

ಇಷ್ಟು ಸುಲಭದ ಕೆಲಸಕ್ಕೆ ಸಿಸ್ಟರ್ ಯಾಕೆ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರೋ! ಹದಿನೇಳನೇ ಪ್ರಶ್ನೆ ಬಂದಾಗ ನಾನು, "ಇದೊಂದು ಸುಮ್ನೆ ಕೇಳ್ಬೇಕು ಅಂತ ಕೇಳೋದು. ಜೀವ ಬೇಡ, ಅದು ಇದು ಅಂತ ಯೋಚನೆ ಏನೂ ಇಲ್ಲ ಅಲ್ವಾ?" ಅನ್ನುತ್ತೇನೆ. ಜನ "ಛೆ, ಇಲ್ಲಪ್ಪ" ಅನ್ನುತ್ತಾರೆ. ಇಬ್ಬರಿಗೂ ಮುಜುಗರವಿಲ್ಲ. ಅಂಗಡಿಯಲ್ಲೂ ನಾನು ಹಾಗೇ. ಗಿರಾಕಿಯ ಸಾಕ್ಸಿನಲ್ಲಿ ತೂತಿದ್ದರೆ ನನ್ನ ಕಣ್ಣು ಅತ್ತ ಹೋಗುತ್ತಿರಲಿಲ್ಲ. ಮರ್ಯಾದಸ್ಥರ ಲಕ್ಷಣ ಅದು.

ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಪೇಂಟರ್. ನಲವತ್ತರ ಆಸುಪಾಸು. ಏಣಿಯಿಂದ ಬಿದ್ದು ಬೆನ್ನು ಹೋಗಿದೆ, ಕೆಲಸ ನಿಂತಿದೆ. ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಬಾಗಿಲಲ್ಲಿ ಅವನ ಶೂಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಸೋಲ್ ಮಾತ್ರ ಗಟ್ಟಿ. ಅವನೂ ಇಲ್ಲ ಅಂದ. ಬರೆದುಕೊಂಡು ಬಂದೆ.

ಮಾರ್ಚ್ 20, ಗುರುವಾರ

ಬರೆಯುವಂಥದ್ದೇನೂ ಇಲ್ಲ. ನಿದ್ದೆಯೂ ಇಲ್ಲ.

ಮಾರ್ಚ್ 24, ಸೋಮವಾರ

ಮೇಡಂ ಕರೆದು ಕೂರಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ.

"ಸರ್, ನೀವು ಕೇಳಿದ ಮನೆಗಳಲ್ಲಿ ಒಂದೇ ಒಂದು ಹೌದು ಇಲ್ಲ. ನಾವೆಲ್ಲ ಆ ಬೀದಿಗೇ ಮನೆ ಬದಲಾಯಿಸ್ಬೇಕು, ಅಷ್ಟು ಸುಖವಾಗಿದಾರೆ ಅಲ್ಲಿ. ಹೇಗೆ ಕೇಳ್ತೀರಿ, ಒಂದ್ಸಲ ನನ್ನನ್ನ ಕೇಳಿ ನೋಡೋಣ."

ಕೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಕೇಳ್ತಾ ನೀವೇ ತಲೆ ಅಡ್ಡ ಆಡಿಸ್ತೀರಿ, ಗೊತ್ತಾ? ಇಲ್ಲ ಅಲ್ವಾ ಅಂತ ಕೇಳಿದ್ರೆ ಹೌದು ಅನ್ನೋಕೆ ಎಷ್ಟು ಧೈರ್ಯ ಬೇಕು ಹೇಳಿ. ಪ್ರಶ್ನೆ ಹೇಗಿದೆಯೋ ಹಾಗೇ ಓದಿ. ಓದಿ ಸುಮ್ನಿರಿ. ಸುಮ್ನಿರೋದು ನಿಮಗೆ ಕಷ್ಟ ಅಂತ ಗೊತ್ತು."

ಎಲ್ಲ ಮನೆಗಳಿಗೂ ಮತ್ತೆ ಹೋಗಬೇಕು. ನನಗೆ ರೇಗಿಹೋಯಿತು. ಈ ಪ್ರಶ್ನೆಯನ್ನು ಇದ್ದಂತೆ ಬಾಯಲ್ಲಿ ತರುವುದಕ್ಕೆ ನನಗೇಕೆ ಇಷ್ಟು ಕಷ್ಟವೆಂದು ಮಾತ್ರ ಗೊತ್ತಾಗುತ್ತಿಲ್ಲ. ಮನೆಗೆ ಬಂದು ಕನ್ನಡಿ ಮುಂದೆ ಓದಿ ಅಭ್ಯಾಸ ಮಾಡಿದೆ. ಅರ್ಧಕ್ಕೆ ನಿಲ್ಲಿಸಿದೆ, ಕಣ್ಣಲ್ಲಿ ಕಣ್ಣಿಡಲಾಗಲಿಲ್ಲ. ಕನ್ನಡಿಯಲ್ಲಿದ್ದ ಮನುಷ್ಯನ ಗಡ್ಡ ಬೇರೆ ಬೆಳೆದಿತ್ತು.

ಮಾರ್ಚ್ 26, ಬುಧವಾರ

ಮೊದಲು ಪೇಂಟರ್ ಮನೆಗೇ ಹೋದೆ. ಶೂ ಮೇಲಿನ ಧೂಳು ಹಾಗೇ ಇತ್ತು, ಇನ್ನೊಂದು ಪದರ ಹೆಚ್ಚು. ಬೆನ್ನಿಗೆ ದಿಂಬು ಕೊಟ್ಟು ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಹೋದ ಸಲ ಸರಿಯಾಗಿ ಕೇಳಿರಲಿಲ್ಲ, ಇನ್ನೊಂದು ಸಲ ಓದುತ್ತೇನೆ ಎಂದೆ. ಓದಿದೆ. ಒಂದು ಪದ ಹೆಚ್ಚಿಲ್ಲ, ಕಮ್ಮಿಯಿಲ್ಲ. ಕುತ್ತಿಗೆ ಅಲುಗದ ಹಾಗೆ ಬಿಗಿಹಿಡಿದು ಕೂತೆ. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಅದು ಮುಗಿದು ನಲ್ಲಿ ನಿಲ್ಲಿಸಿದ್ದೂ ಕೇಳಿಸಿತು.

"ಹೂಂ" ಅಂದ.

ಕಿಟಕಿಯಿಂದ ಮುಖ ತಿರುಗಿಸಿ, "ಹೋದ ಸಲ ನೀವೇ ಇಲ್ಲ ಅಂತ ತಲೆ ಆಡಿಸಿದ್ರಿ. ಪಾಪ, ಇವರಿಗೆ ಯಾಕೆ ತೊಂದ್ರೆ ಅಂತ ನಾನೂ ಇಲ್ಲ ಅಂದೆ" ಅಂದ.

ನನಗೆ ತೊಂದರೆಯಾಗಬಾರದೆಂದು! ಆಮೇಲೆ ಅವನು ಮಾತಾಡಿದ. ನೋವಿನ ಬಗ್ಗೆ ಕಡಿಮೆ. ಹೆಂಡತಿ ದುಡಿದು ಬಂದು ತನ್ನ ಬೆನ್ನಿಗೆ ಎಣ್ಣೆ ತಿಕ್ಕುವಾಗ ಅವಳ ಕೈ ನಡುಗುತ್ತದೆ, ತಾನಿಲ್ಲದಿದ್ದರೆ ಅವಳಿಗೆ ಆ ಕೆಲಸವಾದರೂ ತಪ್ಪುತ್ತದೆ ಅಂದ. ಇದನ್ನು ಯಾರಿಗಾದರೂ ಹೇಳಿದ್ದೀರಾ ಎಂದು ಕೇಳಿದೆ. ಯಾರೂ ಕೇಳಲಿಲ್ಲವಲ್ಲ ಅಂದ.

ತರಬೇತಿಯಲ್ಲಿ ಹೇಳಿಕೊಟ್ಟಂತೆ, ಅವನನ್ನು ಒಂಟಿ ಬಿಡದೆ, ಅವನ ಒಪ್ಪಿಗೆ ಕೇಳಿ ಸಿಸ್ಟರಿಗೆ ಫೋನ್ ಮಾಡಿದೆ. ಅವರು ಊದಿದ ಕಾಲಲ್ಲೇ ಮೂರು ಮಹಡಿ ಹತ್ತಿ ಬಂದರು. ಲಾಂಡ್ರಿಯಿಂದ ಹೆಂಡತಿಯನ್ನು ಕರೆಸಿದೆವು. ಅವಳು ಸೆರಗಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು ಎಲ್ಲ ಕೇಳಿದಳು. ಅಳಲಿಲ್ಲ. "ನನ್ನ ಕೈ ನಡುಗೋದು ಇಸ್ತ್ರಿ ಪೆಟ್ಟಿಗೆಯಿಂದ ಕಣ್ರೀ, ನಿಮ್ಮಿಂದ ಅಂದ್ಕೊಂಡ್ರಾ?" ಅಂದಳು. ಸಂಜೆಯೇ ಆಸ್ಪತ್ರೆಗೆ ಹೋದರು. ಇಳಿಯುವಾಗ ಅವನ ಶೂಗಳನ್ನು ನಾನೇ ಒರೆಸಿ ತೊಡಿಸಿದೆ. ಲೇಸನ್ನು ಎರಡು ಸಲ ಬಿಚ್ಚಿ ಕಟ್ಟಬೇಕಾಯಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅದಕ್ಕೇ ಇರಬೇಕು.

ಮಾರ್ಚ್ 28, ಶುಕ್ರವಾರ

ಪೇಂಟರ್ ಆಸ್ಪತ್ರೆಯಲ್ಲಿ ಉಳಿದಿದ್ದಾನೆ, ನಿದ್ದೆ ಮಾಡುತ್ತಿದ್ದಾನಂತೆ. ಒಳ್ಳೆಯದಾಯಿತು. ಅವನಿಗೆ ಹೆಂಡತಿ ಇದ್ದಾಳೆ, ವಯಸ್ಸಿದೆ. ಬದುಕಬೇಕಾದವನು.

ಉಳಿದ ಮನೆಗಳಿಗೂ ಹೋಗುತ್ತಿದ್ದೇನೆ. ಹೌದು ಅಂದವರು ಇನ್ನೂ ಇಬ್ಬರು ಸಿಕ್ಕರು. ಒಬ್ಬಾಕೆ ಬ್ಯಾಂಕಿನಲ್ಲಿ ದೊಡ್ಡ ಕೆಲಸದವಳು. ಹೊರಗಿನಿಂದ ನೋಡಿ ಇವರೇ ಎನ್ನುವಂತಿಲ್ಲ.

ಹೂಕುಂಡಗಳನ್ನು ಕೆಳಗಿನ ಮನೆಯವರಿಗೆ ಕೊಟ್ಟೆ. ಇನ್ನು ಒಂದು ವಾರಕ್ಕೆ ಸರ್ವೆ ಮುಗಿಯುತ್ತದೆ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟ ಹೆಸರು ಬೇಡ, ಅದು ಮುಗಿಯಲಿ. ಅದಾದ ಮೇಲೆ ನನಗೆ ಕಾಯುವಂಥದ್ದೇನೂ ಇಲ್ಲ. ಹೀಗೆ ಅಂದುಕೊಂಡ ಮೇಲೆ ಮನಸ್ಸು ಶಾಂತವಾಗಿದೆ.

ಏಪ್ರಿಲ್ 2, ಬುಧವಾರ

ಸಿಸ್ಟರ್ ಕಾಲಿನ ಊತ ಇಳಿದಿದೆ. ಕೆಲಸ ಮುಗಿದ ಮೇಲೆ ಪಾರ್ಕಿನ ಬೆಂಚಿನಲ್ಲಿ ಕೂತಾಗ ಚೀಲದಿಂದ ಬೆಸ ಜೋಡಿಯನ್ನು ತೆಗೆದು ನನ್ನ ಪಕ್ಕ ಇಟ್ಟರು. ಒರೆಸಿ, ಒಳಗೆ ಕಾಗದ ತುಂಬಿ, ಅಂಗಡಿಯಲ್ಲಿಡುವಂತೆ ಮಾಡಿ ತಂದಿದ್ದರು.

"ವಾಪಸ್ ಬೇಡ ಅಂದಿದ್ದೆನಲ್ಲ ಸಿಸ್ಟರ್."

"ಅಂದಿದ್ರಿ. ಹೂಕುಂಡ ಕೊಟ್ಟೆ ಅಂತ ಮೊನ್ನೆ ಹೇಳಿದ್ರಿ. ಅಕ್ಕನ ಮಗನಿಗೆ ಹೊಸ ಶೂ ಕೊಟ್ಟೆ ಅಂದ್ರಿ. ನಿಮ್ಮ ಶೂ ಸೋಲ್ ಇನ್ನೂ ಪಟಪಟ ಅಂತಿದೆ, ಇಷ್ಟಕ್ಕೆ ಸಾಕು ಅಂತೀರಿ. ಎಷ್ಟಕ್ಕೆ ಅಂತ ಅವತ್ತು ಕೇಳಿದ್ದೆ, ನೀವು ಹೇಳ್ಲಿಲ್ಲ."

ನಾನು ಏನೋ ತಮಾಷೆ ಮಾಡಲು ಹೊರಟೆ. ಅವರು ನನ್ನ ಕಡೆ ತಿರುಗಿ ಕೂತರು. ಕೈಯಲ್ಲಿ ಕಾಗದವಿರಲಿಲ್ಲ, ಅವರಿಗೆ ಅದು ಬಾಯಿಪಾಠ.

"ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ಜೀವವನ್ನು ಕೊನೆಗೊಳಿಸಿಕೊಳ್ಳಬೇಕೆಂದು ನೀವು ಗಂಭೀರವಾಗಿ ಯೋಚಿಸಿದ್ದೀರಾ?"

ಛೆ, ಇಲ್ಲ ಎಂದೆ. ತಲೆಯನ್ನೂ ಆಡಿಸಿದೆ.

ಅವರ ತಲೆ ಅಲುಗಲಿಲ್ಲ. ಸುಮ್ಮನೆ ಕೂತರು. ಆ ಮೌನವನ್ನು ಹೊರಗಿನಿಂದ ಎಷ್ಟು ಸಲ ನೋಡಿದ್ದೆ, ಒಳಗೆ ಕೂತಾಗ ಹೇಗಿರುತ್ತದೆಂದು ತಿಳಿದಿರಲಿಲ್ಲ. ಎದುರಿಗೆ ಒಬ್ಬರು ಮಗಳ ಕೈಹಿಡಿದು ದಾಟಿಹೋದರು. ಮಗುವಿನ ಎಡ ಶೂ ಬಲಕ್ಕೆ, ಬಲ ಎಡಕ್ಕೆ. ಅದನ್ನು ಹೇಳಬೇಕೆಂದುಕೊಂಡು ಬಾಯಿ ತೆರೆದೆ.

"ಹೌದು" ಎಂದುಬಿಟ್ಟೆ.

ಆಮೇಲೆ ಏನೇನು ಹೇಳಿದೆನೋ. ಬಹಳ ಹೊತ್ತು ಹೇಳಿದೆ. ಅವಳ ಬಗ್ಗೆ, ಅಂಗಡಿಯ ಬಗ್ಗೆ, ಬೆಳಗಾದರೆ ಯಾರೂ ನನಗಾಗಿ ಕಾಯುವುದಿಲ್ಲ ಎನ್ನುವುದರ ಬಗ್ಗೆ, ಸರ್ವೆ ಮುಗಿದ ಮೇಲಿನ ನನ್ನ ಲೆಕ್ಕಾಚಾರದ ಬಗ್ಗೆ. ಸಿಸ್ಟರ್ ಬುದ್ಧಿ ಹೇಳಲಿಲ್ಲ, ಗಾಬರಿಯಾಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಅಣ್ಣ" ಅಂದರು. ಇವತ್ತು ಒಬ್ಬರೇ ಇರಕೂಡದು, ಯಾರಿಗೆ ಫೋನ್ ಮಾಡಲಿ ಎಂದು ಕೇಳಿದರು. ಅಕ್ಕನ ನಂಬರ್ ಕೊಟ್ಟೆ.

ಅಕ್ಕ ಬಂದಿದ್ದಾಳೆ. ಪಕ್ಕದ ಕೋಣೆಯಲ್ಲಿ ಕಪಾಟುಗಳನ್ನು ತೆರೆದು ನೋಡಿ ಗೊಣಗುತ್ತಿದ್ದಾಳೆ. ಮನೆ ಖಾಲಿ ಇದೆಯಂತೆ, ಒಂದು ಸರಿಯಾದ ಲೋಟ ಸಿಗುತ್ತಿಲ್ಲವಂತೆ.

ಏಪ್ರಿಲ್ 3, ಗುರುವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ಅಕ್ಕನೂ ಸಿಸ್ಟರೂ ಆಚೀಚೆ, ನಡುವೆ ನಾನು, ಕಳ್ಳನನ್ನು ಹಿಡಿದು ತಂದ ಹಾಗೆ. ಡಾಕ್ಟರ್ ಸುಮ್ಮನೆ ಕೇಳಿಸಿಕೊಳ್ಳುವ ಮನುಷ್ಯ. ಮಾತ್ರೆ ಬರೆದರು, ವಾರಕ್ಕೊಮ್ಮೆ ಬಂದು ಮಾತಾಡಬೇಕು ಅಂದರು. ಒಂದೇ ದಿನಕ್ಕೆ ಸರಿಹೋಗುವುದಿಲ್ಲ, ಸರಿಹೋಗುತ್ತದೆ ಅಂದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು.

ದಾರಿಯಲ್ಲಿ ಅಕ್ಕ ಇದ್ದಕ್ಕಿದ್ದಂತೆ ನಿಂತಳು. "ಹುಡುಗ ಆ ಶೂ ಹಾಕ್ಕೊಂಡು ಬಂದಾಗಲೇ ಅನ್ನಿಸಿತ್ತು ಕಣೋ ನಂಗೆ. ಹುಟ್ಟಿದಾಗಿಂದ ಒಬ್ಬರಿಗೂ ತಪ್ಪು ನಂಬರ್ ಕೊಟ್ಟವನಲ್ಲ ನೀನು. ಅವತ್ತೇ ಕೇಳ್ಬೇಕಿತ್ತು. ಏನಂತ ಕೇಳೋದು ಅಂತ ಸುಮ್ನಾದೆ." ಸೆರಗಿನಲ್ಲಿ ಮೂಗೊರೆಸಿಕೊಂಡಳು. ನನಗೂ ಅಳು ಬಂತು. ರಸ್ತೆಯಲ್ಲೇ ಅತ್ತೆ. ಮರ್ಯಾದೆ ಹೋದದ್ದು ಯಾರಿಗೂ ಕಾಣಲಿಲ್ಲ.

ಏಪ್ರಿಲ್ 8, ಮಂಗಳವಾರ

ಸರ್ವೆ ಮೊನ್ನೆಯೇ ಮುಗಿಯಿತು. ಬರೆಯುವುದನ್ನೂ ನಿಲ್ಲಿಸೋಣವೆಂದುಕೊಂಡೆ, ಮರೆತು ಬರೆಯುತ್ತಿದ್ದೇನೆ. ಮುಂದಿನ ತಿಂಗಳು ಇನ್ನೊಂದು ಬಡಾವಣೆಯಲ್ಲಿ ಸರ್ವೆ ಇದೆ, ಬರುತ್ತೀರಾ ಎಂದು ಮೇಡಂ ಕೇಳಿದರು. ಡಾಕ್ಟರನ್ನು ಕೇಳಿ ಹೇಳುತ್ತೇನೆ, ಹೊರಗಿನ ಮಾತಿನ ಕೆಲಸವಾದರೆ ಮಾತ್ರ ಎಂದೆ.

ಬೆಳಿಗ್ಗೆ ಇನ್ನೂ ಭಾರವೇ. ಏಳಬೇಕು ಅನ್ನಿಸುವುದಿಲ್ಲ. ಅಕ್ಕ ಬೈದು ಎಬ್ಬಿಸುತ್ತಾಳೆ. ಬೆಸ ಜೋಡಿ ಮತ್ತೆ ಡಬ್ಬದಲ್ಲಿದೆ. ಬಿಸಾಡುತ್ತೀಯಾ ಎಂದು ಅಕ್ಕ ಕೇಳಿದ್ದಕ್ಕೆ, ಇರಲಿ, ಯಾರಿಗಾದರೂ ಕಾಲು ಉಳುಕಬಹುದು ಎಂದೆ. ಅಕ್ಕನ ಮಗ ಕಂದು ಶೂ ವಾಪಸ್ ತಂದುಕೊಟ್ಟ. ಒಳಗೆ ಕಾಗದ ತುರುಕಿಕೊಂಡು ಒಂದು ತಿಂಗಳು ಒದ್ದಾಡಿದ್ದಾನೆ ಪಾಪ, ಮಾಮನಿಗೆ ಬೇಜಾರಾದೀತೆಂದು ಹೇಳಿರಲಿಲ್ಲವಂತೆ. ನಮ್ಮ ಮನೆತನಕ್ಕೇ ಈ ರೋಗ. ನಾಳೆ ಅವನನ್ನು ಕರೆದುಕೊಂಡು ಹೋಗಿ ಸರಿಯಾದ ನಂಬರ್ ಕೊಡಿಸಬೇಕು.

ಸಂಜೆ ಆ ಕಂದು ಶೂ ಹಾಕಿಕೊಂಡು, ಹಳೆಯದನ್ನು ಚೀಲದಲ್ಲಿ ಹಿಡಿದು ಶೂ ರಿಪೇರಿಯವನ ಹತ್ತಿರ ಹೋದೆ. ಅವನು ತಿರುಗಿಸಿ ನೋಡಿ, "ಮೊಳೆ ಹೊಡೆದು ಅಂಟಿಸಿದ್ರೆ ಒಂದ್ ತಿಂಗ್ಳು ಬರುತ್ತೆ. ಹೊಸ ಸೋಲ್ ಹಾಕಿದ್ರೆ ಎರಡು ವರ್ಷಕ್ಕೆ ಮೋಸ ಇಲ್ಲ. ಯಾವುದು ಮಾಡ್ಲಿ?" ಅಂದ.

ಕಸುಬುದಾರನಿಗೆ ಇದನ್ನು ಕೇಳಬೇಕೇ? ಹೊಸ ಸೋಲ್ ಹಾಕು, ಹಿಮ್ಮಡಿಗೂ ಸೇರಿಸಿ ಹಾಕು ಎಂದೆ. ಗುರುವಾರ ಬನ್ನಿ ಅಂದ. ಗುರುವಾರ ಡಾಕ್ಟರ ಹತ್ತಿರ ಹೋಗುವುದಿದೆ, ಶುಕ್ರವಾರ ಬರುತ್ತೇನೆ ಎಂದು ಹೇಳಿ ಬಂದೆ.